ಪಕ್ಕದ ಸೀಟಿನ ಪೆಡಲು

ಕಾರು ಕಲಿಯಲು ಹೊಸದಾಗಿ ಬಂದವರ ಮುಖವನ್ನು ಕಾರಕ್ಕ ಆಮೇಲೆ ನೋಡುತ್ತಿದ್ದಳು. ಮೊದಲು ನೋಡುತ್ತಿದ್ದುದು ಪಾದಗಳನ್ನು. ಅಗಲ ಪಾದ, ಸಪೂರ ಪಾದ, ನಿಂತಲ್ಲಿ ನಿಲ್ಲದೆ ಬೆರಳಾಡಿಸುವ ಪಾದ. ಹದಿನೆಂಟು ವರ್ಷಗಳಲ್ಲಿ ಆ ಊರಿನ ಅರ್ಧದಷ್ಟು ಪಾದಗಳು ಅವಳ ಕಣ್ಣೆದುರು ಹಾದುಹೋಗಿದ್ದವು. ಒಂದನ್ನೂ ಅವಳು ನಂಬಿರಲಿಲ್ಲ. ಕೈ ತಡವರಿಸಿದರೆ ಸ್ಟಿಯರಿಂಗ್ ಹಿಡಿದುಕೊಳ್ಳಬಹುದು, ಕಾಲು ಮಾತ್ರ ತಪ್ಪು ಮಾಡಿದ ಮೇಲೇ ಗೊತ್ತಾಗುವುದು ಎನ್ನುತ್ತಿದ್ದಳು.

ಕಾರಕ್ಕ ಎಂಬುದು ಅವಳ ಕೈಯಲ್ಲಿ ಕಲಿತು ಹೋದವರು ಇಟ್ಟ ಹೆಸರು. ಕಾರು ಕಲಿಸುವ ಅಕ್ಕ ಎಂದಷ್ಟೇ ಅದರ ಅರ್ಥ ಎಂದು ಎದುರಿಗೆ ಹೇಳುತ್ತಿದ್ದರು. ಐವತ್ತರ ಹತ್ತಿರದ ಸಣ್ಣ ಆಳು. ಮಡಿಸಿದ ಕಂಬಳಿಯೊಂದನ್ನು ಸೀಟಿನ ಮೇಲೆ ಹಾಕಿಕೊಂಡು, ಬೆನ್ನು ಸೀಟಿಗೆ ತಾಗಿಸದೆ, ಮುಂದಿನ ಗಾಜಿಗೆ ಕಣ್ಣು ನೆಟ್ಟು ಕೂರುತ್ತಿದ್ದಳು. ಕಲಿಸುವ ಕಾರುಗಳಲ್ಲೆಲ್ಲ ಇರುವಂತೆ ಅವಳ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇತ್ತು. ಕಲಿಯುವವರು ಎಡವಟ್ಟು ಮಾಡಿದರೆ ಕಲಿಸುವವರು ತುಳಿದು ಕಾರು ನಿಲ್ಲಿಸಲಿ ಎಂದು. ಸರಳೊಂದು ಅದನ್ನು ಡ್ರೈವರ್ ಕಾಲಡಿಯ ಬ್ರೇಕಿಗೆ ಜೋಡಿಸಿತ್ತು. ಇಲ್ಲಿ ಒತ್ತಿದರೆ ಅಲ್ಲೂ ಒತ್ತುತ್ತಿತ್ತು, ಅಲ್ಲಿ ಒತ್ತಿದರೆ ಇಲ್ಲಿಯದು ಅಲುಗುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಬಟ್ಟೆ ಅಂಗಡಿಯವನು ಬ್ರೇಕೆಂದು ಆಕ್ಸಿಲರೇಟರ್ ತುಳಿದಿದ್ದ. ಕಾರಕ್ಕ ಆಗ ಕಿಟಕಿಯಾಚೆ ಯಾರಿಗೋ ಕೈಬೀಸುತ್ತಿದ್ದಳು. ಕಾರು ರಸ್ತೆ ಬಿಟ್ಟು ಹಾರಿ ಸೈಕಲ್ ರಿಪೇರಿಯವನ ಸ್ಟೂಲನ್ನು ಪುಡಿಮಾಡಿ ಗೋಡೆಗೆ ಬಡಿದು ನಿಂತಿತು. ಸೈಕಲ್ ರಿಪೇರಿಯವನು ಗಳಿಗೆಯ ಹಿಂದಷ್ಟೇ ನೀರು ಕುಡಿಯಲು ಎದ್ದು ಹೋಗಿದ್ದ. ಕೈಯಲ್ಲಿ ಲೋಟ ಹಿಡಿದುಕೊಂಡೇ ಹೊರಗೆ ಬಂದು, ಸ್ಟೂಲಿನ ಚೂರುಗಳನ್ನು ನೋಡಿ, ಲೋಟದ ನೀರನ್ನು ಪೂರ್ತಿ ಕುಡಿದು ಮುಗಿಸಿದ. ಯಾರಿಗೂ ಗಾಯವಾಗಲಿಲ್ಲ. ಆದರೆ ಅವನು ನೀರು ಕುಡಿದ ರೀತಿ ಕಾರಕ್ಕನ ಕಣ್ಣಿಂದ ಹೋಗಲಿಲ್ಲ. ಅಂದಿನಿಂದ ಅವಳು ಯಾರಿಗೂ ಕೈಬೀಸಲಿಲ್ಲ.

ಶಾಲೆಯೆಂದರೆ ಒಂದು ಕೋಣೆ, ಒಂದು ಕಾರು. ಗೋಡೆ ತುಂಬ ರಸ್ತೆಯ ಚಿಹ್ನೆಗಳು, ಮೇಜಿನ ಮೇಲೆ ಅರ್ಧ ಸೀಳಿದ ಹಳೆಯ ಗೇರ್ ಪೆಟ್ಟಿಗೆ, ಮೇಜಿನ ಹಿಂದೆ ಯಜಮಾನರು. ಅವರು ಲಾರಿ ಓಡಿಸಿ ಓಡಿಸಿ ಸೊಂಟ ಕೆಡಿಸಿಕೊಂಡ ಮೇಲೆ ಈ ಶಾಲೆ ತೆರೆದಿದ್ದರು. ಬೆಳಗಿನ ಕ್ಲಾಸು ಕಾರಕ್ಕನದು. ಸಂಜೆಯದು ಯಜಮಾನರ ತಂಗಿಯ ಮಗನದು. ಯಜಮಾನರಿಗೆ ಅಳಿಯನಾದ್ದರಿಂದ ಊರಿಗೆಲ್ಲ ಅವನು ಅಳಿಯನೇ. ಸಣಕಲು ಆಳು, ಮೆಲುದನಿ. ಅವನು ಬಂದು ಎರಡು ವರ್ಷವಾಗಿತ್ತು. ಬಂದ ದಿನವೇ ಕಾರಕ್ಕ ಅವನ ಪಾದ ನೋಡಿದ್ದಳು. ಅವನು ಚಪ್ಪಲಿ ಕಳಚಿ ಸೀಟಿನಡಿ ಇಟ್ಟು ಬರಿಗಾಲಲ್ಲಿ ಕಾರು ಓಡಿಸುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ, ಪೆಡಲು ಎಷ್ಟು ಒತ್ತಿದೆ ಅಂತ ಅಂಗಾಲಿಗೆ ಗೊತ್ತಾಗುತ್ತಕ್ಕಾ ಎಂದಿದ್ದ. ಕಾರಕ್ಕ ಮೂಗು ಮುರಿದಿದ್ದಳು. ಚಪ್ಪಲಿ ಬಿಟ್ಟು ಓಡಾಡುವವರು ಸದ್ದಾಗದಂತೆ ಓಡಾಡುವವರು ಎಂಬುದು ಅವಳ ಲೆಕ್ಕ.

ಆ ತಿಂಗಳ ಮೊದಲ ದಿನ ಯಜಮಾನರು ಇಬ್ಬರನ್ನೂ ಕೂರಿಸಿಕೊಂಡರು. ಪೆಟ್ರೋಲಿನ ಬೆಲೆ ಮತ್ತೆ ಏರಿತ್ತು. ಬೇರೆ ಶಾಲೆಗಳ ಇಂಥದೇ ಕಾರು ಲೀಟರಿಗೆ ಹದಿನಾರು ಹದಿನೇಳು ಕಿಲೋಮೀಟರ್ ಓಡುತ್ತಿದ್ದರೆ ತಮ್ಮದು ಹದಿಮೂರಕ್ಕೇ ಏದುಸಿರು ಬಿಡುತ್ತಿತ್ತು. ಎಂಜಿನ್ ಬಿಚ್ಚಿ ನೋಡಿಸಿದ್ದಾಯಿತು, ಕಾರು ಗಟ್ಟಿಯಾಗಿದೆ ಎಂದಿದ್ದ ಗ್ಯಾರೇಜಿನವನು. ಅಂದ ಮೇಲೆ ಉಳಿದದ್ದು ಮನುಷ್ಯರು.

"ಇಬ್ಬರಲ್ಲಿ ಒಬ್ಬರ ಕೈಲಿ ಸೋರ್ತಾ ಇದೆ," ಎಂದರು ಯಜಮಾನರು, ಗೇರ್ ಪೆಟ್ಟಿಗೆಯ ಹಲ್ಲುಗಳನ್ನು ನೋಡುತ್ತ. "ಕದೀತಿದೀರಾ, ಚೆಲ್ತಿದೀರಾ, ನನಗೆ ಬೇಡ. ತಿಂಗಳ ಕೊನೆಗೆ ಒಬ್ಬರನ್ನ ಮನೆಗೆ ಕಳಿಸ್ತೀನಿ. ಎರಡು ಹೊತ್ತಿನ ಕ್ಲಾಸೂ ಇನ್ನೊಬ್ಬರಿಗೆ."

ಆ ಒಬ್ಬರು ಯಾರೆಂದು ಕಾರಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಂಗಿಯ ಮಗನನ್ನು ಬಿಟ್ಟು ಹೊರಗಿನವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಹದಿನೆಂಟು ವರ್ಷ ಆ ಸೀಟಿನಲ್ಲಿ ಕೂತು ಅವಳ ಮೈಯೇ ಆ ಸೀಟಿನ ಆಕಾರಕ್ಕೆ ಬಂದಿತ್ತು. ಬೇರೆ ಕುರ್ಚಿಯಲ್ಲಿ ಕೂತರೆ ಸೊಂಟ ನೋಯುತ್ತಿತ್ತು. ಅವಳಿಗೆ ಬೇರೇನೂ ಬರುತ್ತಿರಲಿಲ್ಲ, ಬರಲಿ ಎಂದು ಅನಿಸಿಯೂ ಇರಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಒಂದೇ ಯೋಚಿಸಿದಳು: ಕದಿಯುತ್ತಿರುವವನು ಅಳಿಯ, ಹೋಗಬೇಕಾದವನೂ ಅವನೇ, ಕೈಗೆ ಒಂದು ಸಾಕ್ಷಿ ಸಿಕ್ಕರೆ ಸಾಕು.

ಮರುದಿನ ಅವಳೇ ಯಜಮಾನರಿಗೆ ಒಂದು ಉಪಾಯ ಹೇಳಿದಳು. ಮಧ್ಯಾಹ್ನ ಕಾರು ಕೈ ಬದಲಾಗುವಾಗ ಬಂಕಿನಲ್ಲಿ ಟ್ಯಾಂಕ್ ಕತ್ತಿನವರೆಗೆ ತುಂಬಿಸುವುದು. ಸಂಜೆ ಕ್ಲಾಸು ಮುಗಿದ ಮೇಲೆ ಅಳಿಯ ಮತ್ತೆ ತುಂಬಿಸುವುದು. ಎಷ್ಟು ಹಿಡಿಯಿತೋ ಅಷ್ಟು ಆ ಹೊತ್ತಿನವರು ಕುಡಿಸಿದ್ದು. ಯಜಮಾನರು ತಲೆದೂಗಿದರು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ದಿನಕ್ಕೆರಡು ಅಂಕಿ ಬೀಳತೊಡಗಿದವು.

ಒಂದು ವಾರ ಕಳೆಯುವಷ್ಟರಲ್ಲಿ ಲೆಕ್ಕ ಕಾರಕ್ಕನ ಮೇಲೇ ತಿರುಗಿತು. ಸಂಜೆ ಹದಿನೇಳು. ಬೆಳಿಗ್ಗೆ ಹನ್ನೊಂದು.

ಯಜಮಾನರು ಬೆಳಗಿನ ಅಂಕಿಯ ಮೇಲೆ ಬೆರಳಿಟ್ಟರು. ಅವಳು ತಟ್ಟನೆ, "ರಾತ್ರಿಯೆಲ್ಲ ಕಾರು ಯಾರ ಮನೆ ಮುಂದೆ ನಿಂತಿರುತ್ತೆ, ಅದನ್ನೂ ಕೇಳಿ ಯಜಮಾನ್ರೇ," ಎಂದಳು. ಹೌದಲ್ಲ, ಕಾರು ರಾತ್ರಿ ನಿಲ್ಲುತ್ತಿದ್ದುದು ಅಳಿಯನ ಮನೆಯ ಮುಂದೆ. ಸಂಜೆ ಕತ್ತಿನವರೆಗೆ ತುಂಬಿಸಿ, ಮನೆಗೆ ಹೋಗಿ ಎರಡು ಲೀಟರ್ ಇಳಿಸಿಕೊಂಡರೆ ಮಧ್ಯಾಹ್ನದ ಲೆಕ್ಕದಲ್ಲಿ ಅದು ಕಾರಕ್ಕನ ತಲೆಗೆ ಬರುತ್ತದೆ. ಯಜಮಾನರ ಹುಬ್ಬು ಮೆಲ್ಲಗೆ ಕೂಡಿತು. ಲಾರಿಯ ದಿನಗಳಲ್ಲಿ ಇಂಥ ಇಳಿಸುವಿಕೆಯನ್ನು ಅವರು ಬೇಕಾದಷ್ಟು ಕಂಡಿದ್ದರು. ತಂಗಿಯ ಮಗ ಎಂದು ಬಿಡುವವನು ನಾನಲ್ಲ, ಆದರೆ ಕಣ್ಣಾರೆ ಕಂಡು ಬಂದು ಹೇಳಿ, ಅವತ್ತೇ ಅವನನ್ನು ಕಳಿಸುತ್ತೇನೆ ಎಂದರು.

ಕಾರಕ್ಕ ಮೈಯೆಲ್ಲ ಕಣ್ಣಾದಳು. ಬಂಕಿನಲ್ಲಿ ಪೆಟ್ರೋಲ್ ಹಾಕುವ ಹುಡುಗಿ ಅವಳ ಹತ್ತಿರವೇ ಕಾರು ಕಲಿತವಳು. ಸಂಜೆ ಅಳಿಯ ತುಂಬಿಸಿದ ಮೇಲೆ ಟ್ಯಾಂಕಿನ ಮುಚ್ಚಳಕ್ಕೆ ಕಂಡೂ ಕಾಣದಂತೆ ಒಂದು ಚೂರು ಟೇಪು ಅಂಟಿಸು ಎಂದು ಅವಳನ್ನು ಒಪ್ಪಿಸಿದಳು. ಬೆಳಿಗ್ಗೆ ಬಂದು ಬಗ್ಗಿ ನೋಡಿದರೆ ಟೇಪು ಅಂಟಿದ್ದು ಅಂಟಿದ ಹಾಗೇ ಇತ್ತು. ಮೂರು ದಿನವೂ ಹಾಗೆಯೇ. ಇದರಿಂದ ಅವಳ ಅನುಮಾನ ಇನ್ನೂ ಗಟ್ಟಿಯಾಯಿತು. ಮೇಲಿಂದ ತೆಗೆಯುವವನು ಸಾಮಾನ್ಯ ಕಳ್ಳ. ಇವನು ಕೆಳಗಿನ ಪೈಪಿಂದ ತೆಗೆಯುವವನು.

ನಾಲ್ಕನೇ ದಿನ ಕಾರಿನ ಡಿಕ್ಕಿ ತೆರೆದಾಗ ಅವಳಿಗೆ ಬೇಕಾದದ್ದು ಸಿಕ್ಕಿತು. ಆ ಡಿಕ್ಕಿಯಲ್ಲಿ ಅವಳು ಹದಿನೆಂಟು ವರ್ಷಗಳಿಂದ ಕೂಡಿಸಿದ ಸಾಮಾನುಗಳಿದ್ದವು. ಇಳಿಜಾರಿನಲ್ಲಿ ಚಕ್ರಕ್ಕೆ ಕೊಡಲು ಎರಡು ದಪ್ಪ ಕಲ್ಲು, ಎಳೆಯಲು ಹಗ್ಗ, ನೀರಿನ ದೊಡ್ಡ ಕ್ಯಾನು, ಒಂದು ಹಾರೆ, ಒಂದರ ಬದಲು ಎರಡು ಸ್ಟೆಪ್ನಿ. ಯಾವ ಹೊತ್ತಿಗೆ ಏನು ಕೈಕೊಡುತ್ತದೋ ಯಾರು ಬಲ್ಲರು. ಅಂದು ಕಲ್ಲುಗಳು ಇದ್ದವು, ಆದರೆ ಮೊನ್ನೆ ಮಣ್ಣು ಹತ್ತಿದ್ದ ಬದಿ ಈಗ ಕೆಳಗಾಗಿತ್ತು. ಸ್ಟೆಪ್ನಿಯ ಮೇಲಿನ ಧೂಳಿನಲ್ಲಿ ಬೆರಳ ಗುರುತುಗಳಿದ್ದವು. ಯಾರೋ ಇವನ್ನೆಲ್ಲ ಹೊರಗೆ ತೆಗೆದು ಮತ್ತೆ ಒಳಗಿಟ್ಟಿದ್ದರು. ಡಿಕ್ಕಿಯಲ್ಲಿ ಪೆಟ್ರೋಲಿನ ಡಬ್ಬಕ್ಕೆ ಜಾಗ ಮಾಡಲಿಕ್ಕಲ್ಲದೆ ಇನ್ಯಾತಕ್ಕೆ?

ಅವಳ ಗಂಡ ಗಡಿಯಾರ ರಿಪೇರಿಯವರು. ಕಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು ಮನೆಯ ಕಿಟಕಿಯ ಪಕ್ಕ ಕೂತು ಯಾರದೋ ಕೈಗಡಿಯಾರದ ಹೊಟ್ಟೆ ಬಿಚ್ಚುತ್ತಿದ್ದವರು ಎಲ್ಲವನ್ನೂ ಕೇಳಿಸಿಕೊಂಡರು.

"ಇನ್ನು ಅವನ ಹಿಂದೆ ಹೋಗೋದೊಂದು ಬಾಕಿ," ಎಂದರು.

"ಅದನ್ನೇ ಮಾಡೋದು, ನಾಳೆ."

"ಹೋಗು ಮತ್ತೆ. ಹಾಗೇ ನಾನು ಟೀ ಪುಡಿ ಕದೀತೀನಾ ಅಂತಾನೂ ಒಂದ್ಸಲ ನೋಡು."

"ನೋಡಿದೀನ್ರೀ. ಸಕ್ಕರೆ ಕದೀತೀರಿ," ಎಂದು ಅವಳು ನಗದೆ ಹೇಳಿದಳು.

ಮರುದಿನ ಸಂಜೆ ನಾಲ್ಕರ ಹೊತ್ತಿಗೆ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಆಟೋ ನಿಲ್ದಾಣಕ್ಕೆ ಬಂದಳು. ಅಲ್ಲಿಯ ಹಿರಿಯ ಆಟೋದವನನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಆ ಕಾರಿನ ಹಿಂದೆ ಹೋಗು, ತೀರಾ ಹತ್ತಿರ ಬೇಡ ಎಂದಳು. ಅಜ್ಜ ಕಾರನ್ನು ನೋಡಿದ, ಸೆರಗಿನೊಳಗಿನ ಮುಖವನ್ನೂ ನೋಡಿದ, ಏನೂ ಕೇಳದೆ ಆಟೋ ಎಬ್ಬಿಸಿದ.

ಕಾರಿನಲ್ಲಿ ಅಳಿಯನ ಪಕ್ಕ ಒಬ್ಬ ಬಡಗಿ ಕೂತು ಓಡಿಸುತ್ತಿದ್ದ. ಕಾರಕ್ಕ ಮುಂದಕ್ಕೆ ಬಾಗಿ, ಆಟೋದ ಕಂಬಿ ಹಿಡಿದು, ಕಣ್ಣು ಮಿಟುಕಿಸದೆ ನೋಡಿದಳು. ಈಗ ಯಾವುದೋ ಗಲ್ಲಿಗೆ ತಿರುಗುತ್ತಾನೆ, ಈಗ ಯಾರದೋ ಗ್ಯಾರೇಜಿನ ಮುಂದೆ ನಿಲ್ಲಿಸುತ್ತಾನೆ. ಕಾರು ತಿರುಗಲಿಲ್ಲ. ಅವಸರವಿಲ್ಲದೆ ಹೊರಟು, ಬೇಗ ಬೇಗ ಗೇರು ಏರಿಸಿಕೊಂಡು, ಆಮೇಲೆ ಒಂದೇ ಹದದಲ್ಲಿ ಓಡಿತು. ದೂರದ ಸಿಗ್ನಲ್ಲಿನಲ್ಲಿ ಕೆಂಪು ಕಂಡೊಡನೆ ಬಡಗಿ ಆಕ್ಸಿಲರೇಟರಿನಿಂದ ಕಾಲು ತೆಗೆದಿರಬೇಕು, ಕಾರು ಗೇರಿನಲ್ಲೇ ತಾನಾಗಿ ವೇಗ ಕಳೆದುಕೊಳ್ಳುತ್ತ ಹೋಯಿತು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಸಿರು ಬಂದಿತ್ತು. ರೈಲ್ವೆ ಗೇಟು ಹಾಕಿದ್ದಾಗ ಅಳಿಯ ಕೈಚಾಚಿ ಕೀ ತಿರುಗಿಸಿದ. ಎಂಜಿನ್ ಸುಮ್ಮನಾಯಿತು. ಕಾರಕ್ಕನ ಕ್ಲಾಸಿನಲ್ಲಿ ಗೇಟು ಬಿದ್ದರೆ ಎಂಜಿನ್ ಗುರುಗುಡುತ್ತಲೇ ಇರುತ್ತಿತ್ತು. ಮತ್ತೆ ಹೊತ್ತಿಕೊಳ್ಳುತ್ತದೆಂದು ಏನು ನಂಬಿಕೆ?

ಗೇಟು ತೆರೆದು ಹೊರಟ ಮೇಲೆ ಅಜ್ಜ ಬಾಯಿಬಿಟ್ಟ. "ಸಂಜೆ ಹೊತ್ತು ಈ ಕಾರಿನ ಹಿಂದೆ ಬರೋಕೆ ಎಷ್ಟು ಆರಾಮ ನೋಡಿ ಮೇಡಂ."

"ಅಂದ್ರೆ? ಬೆಳಿಗ್ಗೆ ಏನಾಗಿದೆ?"

"ಬೆಳಿಗ್ಗೆ ಹಿಂದಿನ ಕೆಂಪು ದೀಪ ಆರೋದೇ ಇಲ್ವಲ್ಲ. ನೀವು ಯಾವಾಗ ನಿಲ್ಲಿಸ್ತೀರೋ, ಯಾವಾಗ ಹೋಗ್ತೀರೋ ಒಂದೂ ಗೊತ್ತಾಗಲ್ಲ. ನಮ್ಮವರೆಲ್ಲ ಒಂದು ಮಾರು ದೂರಾನೇ ಇರ್ತೀವಿ."

"ದೀಪದ ಸ್ವಿಚ್ಚು ಹಾಳಾಗಿರ್ಬೇಕು."

"ಬೆಳಿಗ್ಗೆ ಹಾಳಾಗಿ ಸಂಜೆ ಸರಿಹೋಗೋ ಸ್ವಿಚ್ಚಾ?" ಎಂದ ಅಜ್ಜ.

ಕಾರಕ್ಕ ಮುಂದಿನ ಕಾರಿನ ಹಿಂಬದಿಯನ್ನು ನೋಡಿದಳು. ದೀಪ ಆರಿತ್ತು. ತಿರುವಿನಲ್ಲಿ ಹೊತ್ತಿತು, ತಿರುಗಿದ ಮೇಲೆ ಆರಿತು. ಎಮ್ಮೆಯೊಂದು ಅಡ್ಡ ಬಂದಾಗ ಹೊತ್ತಿತು, ಎಮ್ಮೆ ದಾಟಿದ ಮೇಲೆ ಆರಿತು. ಕೆಂಪು ದೀಪ ಹೊತ್ತಬೇಕಾದರೆ ಬ್ರೇಕಿನ ಮೇಲೆ ಒಂದು ಕಾಲು ಇರಬೇಕು ಎಂಬುದನ್ನು ಅವಳೇ ಹದಿನೆಂಟು ವರ್ಷದಿಂದ ಮೊದಲ ದಿನದ ಪಾಠದಲ್ಲಿ ಹೇಳಿಕೊಟ್ಟಿದ್ದಳು. ಕಲಿಯುವವರ ಕಾಲು ಬ್ರೇಕಿನ ಮೇಲೆ ಇರದಂತೆ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದಳು. ಮತ್ತೆ ಯಾರ ಕಾಲು?

ಅವಳು ಮೆಲ್ಲಗೆ ತಲೆ ತಗ್ಗಿಸಿದಳು. ಆಟೋದ ತಗಡಿನ ಮೇಲೆ ಅವಳ ಬಲಗಾಲು ಮುಂದಕ್ಕೆ ಚಾಚಿಕೊಂಡಿತ್ತು. ಹಿಮ್ಮಡಿ ಊರಿ, ಬೆರಳುಗಳು ಬಾಗಿ, ಅಲ್ಲಿಲ್ಲದ ಏನನ್ನೋ ಹಗುರವಾಗಿ ಒತ್ತಿಕೊಂಡಿತ್ತು. ಅವಳು ಒತ್ತು ಎಂದು ಅದಕ್ಕೆ ಹೇಳಿರಲಿಲ್ಲ.

ಒಂದೊಂದೇ ನೆನಪಾಯಿತು. ಮೂರು ನಾಲ್ಕು ತಿಂಗಳಿಗೊಮ್ಮೆ ಬ್ರೇಕ್ ಪ್ಯಾಡ್ ಸವೆದಿದೆ ಎನ್ನುವ ಗ್ಯಾರೇಜಿನವನನ್ನು ಅವಳು ಕಳ್ಳ ಎಂದು ಬೈದಿದ್ದಳು. ಕ್ಲಾಸು ಮುಗಿಸಿ ಇಳಿದಾಗ ಮುಂದಿನ ಚಕ್ರದ ಹತ್ತಿರ ಸುಟ್ಟ ವಾಸನೆ ಬಂದರೆ ಪೆಟ್ರೋಲಿಗೆ ಏನೋ ಬೆರೆಸಿದ್ದಾರೆ ಎಂದುಕೊಂಡಿದ್ದಳು. ಇಷ್ಟು ವರ್ಷ ಕಾರು ಒಂದು ಕಡೆಯಿಂದ ಓಡಲು ಹೆಣಗಿತ್ತು, ಇನ್ನೊಂದು ಕಡೆಯಿಂದ ಅವಳು ಅದನ್ನು ಹಿಡಿದುಕೊಂಡಿದ್ದಳು. ನಡುವೆ ಪೆಟ್ರೋಲ್ ಉರಿದುಹೋಗಿತ್ತು.

ಕಾರು ಬಂಕಿಗೆ ಹೋಗಿ, ಬಡಗಿಯನ್ನು ಇಳಿಸಿ, ನೇರವಾಗಿ ಅಳಿಯನ ಮನೆಯ ಮುಂದೆ ನಿಂತಿತು. ಕಾರಕ್ಕ ಆಟೋದಿಂದ ಇಳಿಯುವ ಮೊದಲೇ ಅಳಿಯ ಡಿಕ್ಕಿ ತೆರೆದು, ಬಾಗಿಲ ಮುಂದೆ ಸಾಲಾಗಿಟ್ಟಿದ್ದ ಕಲ್ಲು, ಹಾರೆ, ಸ್ಟೆಪ್ನಿಗಳನ್ನು ಒಂದೊಂದಾಗಿ ಎತ್ತಿ ಒಳಗಿಡತೊಡಗಿದ್ದ.

"ಅಕ್ಕಾ, ಏನು ಈ ಕಡೆ?"

"ನೆಂಟರ ಮನೆ ಇತ್ತು," ಎಂದಳು ಕಾರಕ್ಕ. ಆ ಬೀದಿಯಲ್ಲಿ ಅವಳಿಗೆ ನೆಂಟರಿರಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು. "ಅದೇನು, ನನ್ನ ಸಾಮಾನು ಹೊರಗಿದೆ?"

ಅಳಿಯ ಕಲ್ಲನ್ನು ಎದೆಗವಚಿಕೊಂಡೇ ನಾಲಿಗೆ ಕಚ್ಚಿಕೊಂಡ. ಅಷ್ಟು ಭಾರ ಎಳೆದುಕೊಂಡು ಹೋದರೆ ಪೆಟ್ರೋಲ್ ಜಾಸ್ತಿ ಹಿಡಿಯುತ್ತದೆಂದು ತನ್ನ ಕ್ಲಾಸಿನ ಹೊತ್ತಿಗೆ ಇಳಿಸಿಡುತ್ತೇನೆ, ನಿಮಗೆ ಬೇಜಾರಾಗಬಾರದೆಂದು ಮತ್ತೆ ಇದ್ದ ಹಾಗೇ ಇಡುತ್ತೇನೆ, ಇವತ್ತು ನೀವು ನೋಡಿಬಿಟ್ಟಿರಿ ಎಂದು ತಪ್ಪು ಮಾಡಿದವನ ಹಾಗೆ ಹೇಳಿದ. ಕಾರಕ್ಕ ಹಿಂದೆ ತಿರುಗಿದಳು. ಆಟೋಗೆ ಮರಳುವಾಗ ತಲೆಯ ಮೇಲಿನ ಸೆರಗು ಎಲ್ಲೋ ಜಾರಿಹೋಗಿತ್ತು.

ಮರುದಿನ ಬೆಳಿಗ್ಗೆ ಕಲಿಯಲು ಬಂದವಳು ಔಷಧಿ ಅಂಗಡಿಯವಳು. ಹತ್ತು ದಿನದಲ್ಲಿ ಅವಳ ಲೈಸೆನ್ಸ್ ಪರೀಕ್ಷೆಯಿತ್ತು. ಕಾರಕ್ಕ ಕಾಲನ್ನು ಪೆಡಲಿನಿಂದ ತೆಗೆದು ಪಕ್ಕದಲ್ಲಿ ಇಟ್ಟುಕೊಂಡಳು. ಮೊದಲ ತಿರುವು ದಾಟುವಷ್ಟರಲ್ಲಿ ನೋಡಿದರೆ ಅದು ಮತ್ತೆ ಪೆಡಲಿನ ಮೇಲಿತ್ತು. ಮತ್ತೆ ತೆಗೆದಳು. ಮತ್ತೆ ಹೋಯಿತು. ಯಾವಾಗ ಹೋಯಿತೆಂದು ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಸ್ವಂತ ಕಾಲು ಕಳ್ಳಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಿತ್ತು. ಹದಿನೆಂಟು ವರ್ಷ ಊರವರ ಪಾದಗಳನ್ನೆಲ್ಲ ಕಾದವಳು ತನ್ನದೊಂದನ್ನು ನೋಡಿರಲೇ ಇಲ್ಲ.

ಅವಳು ಗಂಡನ ಮುಂದೆ ಕೂತು ಎಲ್ಲ ಹೇಳಿದಳು. ನಗುತ್ತಾರೆಂದುಕೊಂಡಿದ್ದಳು. ಅವರು ನಗಲಿಲ್ಲ. ಎದ್ದು ಹಳೆಯ ಅಲಾರಂ ಗಡಿಯಾರವೊಂದರ ತಲೆಯಿಂದ ಬಟ್ಟಲಿನಂಥ ಪುಟ್ಟ ಗಂಟೆಯನ್ನು ಬಿಚ್ಚಿ, ಅದರ ನಾಲಿಗೆಗೆ ತೆಳ್ಳನೆಯ ಸ್ಪ್ರಿಂಗು ಸಿಕ್ಕಿಸಿ, ಮರುದಿನ ಬೆಳಿಗ್ಗೆ ಅವಳೊಡನೆ ಬಂದು ಕಾರಿನೊಳಗೆ ಅಡ್ಡ ಮಲಗಿ ಪೆಡಲಿನ ಕೆಳಗೆ ಕಟ್ಟಿದರು. ಪೆಡಲಿಗೆ ಬೆರಳು ಸೋಕಿದರೂ ಟಿಣ್ ಎನ್ನುತ್ತಿತ್ತು.

"ಇನ್ನು ಮೇಲೆ ಕಳ್ಳ ಬಂದಾಗ ಗೊತ್ತಾಗುತ್ತೆ," ಎಂದರು, ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತ.

ಅಂದು ಕಾರು ಊರ ತುಂಬ ಟಿಣ್ ಟಿಣ್ ಎನ್ನುತ್ತ ಓಡಿತು. ಔಷಧಿ ಅಂಗಡಿಯವಳು ತನ್ನದೇ ತಪ್ಪೆಂದುಕೊಂಡು ಪ್ರತಿ ಸಲವೂ ಬೆಚ್ಚುತ್ತಿದ್ದಳು. ನಿಮ್ಮದಲ್ಲ, ನನ್ನದು ಎಂದು ಕಾರಕ್ಕ ಹೇಳಬೇಕಾಯಿತು. ಹಾಗೆ ಹೇಳುವುದು ಮೊದಲ ಸಲ ಬಾಯಿಗೆ ಒಗ್ಗಲಿಲ್ಲ, ಹತ್ತನೆಯ ಸಲಕ್ಕೆ ಒಗ್ಗಿತು. ಎಷ್ಟು ಸಲ ಬಡಿಯಿತು ಎಂದು ಗಂಡ ಕೇಳಿದಾಗ, ನೂರು ದಾಟಿದ ಮೇಲೆ ಎಣಿಸುವುದು ಬಿಟ್ಟೆ ಎಂದಳು. ಮೂರನೇ ದಿನ ನಲವತ್ತಕ್ಕೆ ಇಳಿಯಿತು. ಆರನೇ ದಿನ ಒಂಬತ್ತು. ಗಂಟೆ ಬಡಿಯದೆ ಕಾರು ಓಡುವಾಗ ಅವಳಿಗೆ ಪ್ರತಿ ಅಂಗಡಿಯ ಮುಂದೆಯೂ ಒಂದು ಸ್ಟೂಲು ಕಾಣುತ್ತಿತ್ತು. ಆದರೂ ಕಾಲನ್ನು ಪೆಡಲಿನ ಪಕ್ಕದಲ್ಲಿ, ನೆಲದ ಮೇಲೆ, ಎದ್ದರೆ ಕ್ಷಣದಲ್ಲಿ ಮುಟ್ಟುವಷ್ಟು ಹತ್ತಿರ ಕೂರಿಸಿದಳು.

"ಒಂದು ಮಾತು ಹೇಳ್ಲಾ ಮೇಡಂ?" ಎಂದಳು ಔಷಧಿ ಅಂಗಡಿಯವಳು ಏಳನೇ ದಿನ. "ಇಷ್ಟು ದಿನ ಈ ಕಾರನ್ನ ಯಾರೋ ಹಿಂದಿನಿಂದ ಎಳೀತಿದ್ದ ಹಾಗೆ ಇತ್ತು. ನನ್ನ ಕೈಲಿ ಆಗಲ್ಲ, ನಾನೇ ದಡ್ಡಿ ಅಂದ್ಕೊಂಡಿದ್ದೆ."

ಕಾರಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹಾಗೆ ಅಂದುಕೊಂಡು ನಡುವೆಯೇ ಬಿಟ್ಟು ಹೋದವರ ಪಾದಗಳು ಅವಳಿಗೆ ನೆನಪಿದ್ದವು. ಅವರ ಹೆಸರುಗಳು ನೆನಪಿರಲಿಲ್ಲ.

ಕ್ಯಾಲೆಂಡರಿನಲ್ಲಿ ಬೆಳಗಿನ ಅಂಕಿ ಹದಿನೈದಕ್ಕೆ ಬಂದಿತ್ತು. ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಯಜಮಾನರ ಮನಸ್ಸಿನಲ್ಲಿ ಕಳ್ಳ ಯಾರೆಂದು ಆಗಲೇ ಬೇರೂರಿತ್ತು, ದಿನವೂ ಅಂಕಿ ಬರೆಯುವುದಕ್ಕೆ ಹೆದರಿ ಕಳ್ಳ ಕೈ ಬಿಗಿಹಿಡಿದಿದ್ದಾನೆ, ಬೆಳಗಿನದು ಏರಿದ್ದು ಅದಕ್ಕೇ ಎಂದುಕೊಂಡಿದ್ದರು. ಕಾರಣ ಹೇಳದೆ, ಮಗನಿಗೆ ಬೇರೆ ಕೆಲಸ ನೋಡು ಎಂದಷ್ಟೇ ತಂಗಿಗೂ ಹೇಳಿಕಳಿಸಿದ್ದರು. ತಿಂಗಳ ಕೊನೆಗೆ ಅಳಿಯ ಮನೆಗೆ, ಎರಡು ಹೊತ್ತಿನ ಕ್ಲಾಸೂ ಕಾರಕ್ಕನಿಗೆ. ಆ ಒಂದು ಇಡೀ ಸಂಜೆ ಅವಳು ಸುಮ್ಮನಿದ್ದಳು. ಸುಮ್ಮನಿರುವುದು ಎಷ್ಟು ಸುಲಭ ಎಂದು ಅವಳಿಗೇ ಭಯವಾಯಿತು. ಬೆಳಿಗ್ಗೆ ಎದ್ದು ನೇರವಾಗಿ ಯಜಮಾನರ ಮೇಜಿನ ಮುಂದೆ ಹೋಗಿ ನಿಂತು, ಪೆಡಲಿನಿಂದ ಹಿಡಿದು ಗಂಟೆಯವರೆಗೆ ಎಲ್ಲವನ್ನೂ ಹೇಳಿದಳು. ಹೋಗಬೇಕಾದವಳು ನಾನು ಎಂದಳು.

ಯಜಮಾನರು ಗೇರ್ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರು.

"ಅವನು ಏನು ಕೊಟ್ಟ ನಿಮಗೆ?"

"ಯಾರು?"

"ನಮ್ಮ ಅಳಿಯ. ಇಬ್ಬರೂ ಮಾತಾಡ್ಕೊಂಡು ಬಂದಿದೀರಿ. ಕಾಲು ಇಟ್ಟಿದ್ದಕ್ಕೆ ಪೆಟ್ರೋಲ್ ಹೋಯ್ತಂತೆ. ಇಪ್ಪತ್ತು ವರ್ಷ ಲಾರಿ ಓಡಿಸಿದೀನಮ್ಮಾ, ನನ್ನ ಕಿವಿಗೆ ಹೂವಿಡಬೇಡಿ."

ಕಾರಕ್ಕ ಎಂದೂ ಇಷ್ಟು ಸತ್ಯ ಒಟ್ಟಿಗೆ ಹೇಳಿರಲಿಲ್ಲ. ಹೇಳಿದ ದಿನವೇ ಅದನ್ನು ನಂಬುವವರಿರಲಿಲ್ಲ. ಯಜಮಾನರ ಆ ಅನುಮಾನದ ಕಣ್ಣುಗಳನ್ನು ನೋಡುತ್ತಿದ್ದರೆ ಅವಳಿಗೆ ಕನ್ನಡಿ ನೋಡಿದಂತಾಯಿತು. ಹಾಗಾದರೆ ನೀವೇ ಬಂದು ಕೂತು ನೋಡಿ ಎಂದಳು.

ಸೊಂಟ ಹಿಡಿದುಕೊಂಡು ಯಜಮಾನರು ಕಾರಿನ ಹಿಂದಿನ ಸೀಟಿನ ನಡುವೆ ಕೂತರು. ಹಾಗೆ ಕೂತರೆ ಎರಡು ಸೀಟುಗಳ ಸಂದಿನಿಂದ ಕಾರಕ್ಕನ ಕಾಲೂ ಕಾಣುತ್ತಿತ್ತು, ರಸ್ತೆಯೂ ಕಾಣುತ್ತಿತ್ತು. ಔಷಧಿ ಅಂಗಡಿಯವಳು ಬೆವರುತ್ತ ಕೀ ತಿರುಗಿಸಿದಳು. ಹೊರಡುವ ಮುಂಚೆ ಅವರು ಕಾರಕ್ಕನಿಗೆ ಹಳೆಯ ಹಾಗೆ ಕಾಲಿಡಲು ಹೇಳಿದರು. ಅವಳು ಇಟ್ಟಳು. ಗಂಟೆ ಬಡಿಯಿತು. ಕಾರು ತಿಣುಕುತ್ತ ತಿಣುಕುತ್ತ ಹೊರಟಿತು, ಔಷಧಿ ಅಂಗಡಿಯವಳು ಆಕ್ಸಿಲರೇಟರ್ ಒತ್ತಿ ಒತ್ತಿ ಅದನ್ನು ಮುಂದೆ ದಬ್ಬಬೇಕಾಯಿತು. ಈಗ ತೆಗೀರಿ ಎಂದರು. ತೆಗೆದಳು. ಕಟ್ಟಿ ಹಾಕಿದ ಹಗ್ಗ ಬಿಚ್ಚಿದಂತೆ ಕಾರು ಹಗುರಾಗಿ ಮುಂದೆ ಸರಿಯಿತು. ಯಜಮಾನರು "ಹೂಂ" ಎಂದರು. ಆ ಹೂಂನಲ್ಲಿ ನಂಬಿಕೆ ಇನ್ನೂ ಅರ್ಧವೇ ಇತ್ತು.

ಮಾರುಕಟ್ಟೆಯ ಇಳಿಜಾರಿನಲ್ಲಿ ನಿಂತ ಬಸ್ಸೊಂದರ ಮರೆಯಿಂದ, ಪ್ಲಾಸ್ಟಿಕ್ ಕೊಡಗಳನ್ನು ಬೆಟ್ಟದಂತೆ ಕಟ್ಟಿಕೊಂಡ ಸೈಕಲ್ಲನ್ನು ತಳ್ಳುತ್ತ ಒಬ್ಬ ರಸ್ತೆಗೆ ಬಂದುಬಿಟ್ಟ.

ಕಾರಕ್ಕನ ಕಾಲು ನೆಲದಿಂದ ಎದ್ದಿತು. ಪೆಡಲಿನ ಮೇಲೆ, ಒಂದು ಕೂದಲಿನಷ್ಟು ಅಂತರದಲ್ಲಿ ನಿಂತಿತು. ಅಲ್ಲಿ ನಿಂತ ಆ ಕ್ಷಣದಲ್ಲಿ ಅವಳು ನೋಡಿದ್ದು ಸೈಕಲ್ಲನ್ನಲ್ಲ, ಪಕ್ಕದವಳ ಪಾದವನ್ನು. ಅದು ಆಕ್ಸಿಲರೇಟರಿನಿಂದ ಆಗಲೇ ಎದ್ದು, ತಡವರಿಸದೆ, ಬ್ರೇಕಿನ ಮೇಲೆ ಇಳಿಯುತ್ತಿತ್ತು. ಕಾರು ನಿಂತಿತು. ಕೊಡದವನು ಅವರ ಕಡೆ ನೋಡದೆಯೇ ದಾಟಿ ಹೋದ.

ಗಂಟೆ ಬಡಿಯಲಿಲ್ಲ. ಆದರೆ ಹಿಂದಿನಿಂದ ಧಪ್ ಎಂದು ದೊಡ್ಡ ಸದ್ದಾಗಿತ್ತು. ಕಾರಕ್ಕ ತಿರುಗಿ ನೋಡಿದಳು. ಯಜಮಾನರು ಎರಡೂ ಕೈಯಲ್ಲಿ ಸೀಟು ಹಿಡಿದು, ಬಲಗಾಲನ್ನು ಕಾರಿನ ನೆಲಕ್ಕೆ ಇದ್ದ ಬಲವನ್ನೆಲ್ಲ ಹಾಕಿ ಒತ್ತಿ ಕೂತಿದ್ದರು.

"ಯಜಮಾನ್ರೇ," ಎಂದಳು ಅವಳು ಮೆಲ್ಲಗೆ, "ಅಲ್ಲಿ ಪೆಡಲ್ ಇಲ್ಲ."

ಯಜಮಾನರು ತಮ್ಮ ಕಾಲನ್ನು ನೋಡಿಕೊಂಡರು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿದರು. ಕೋಣೆಗೆ ಬಂದ ಮೇಲೆ ಅವರು ಕ್ಯಾಲೆಂಡರಿನಲ್ಲಿ ಹದಿನಾರು ಎಂದು ಬರೆದು, ನಾಳೆ ಬೆಳಿಗ್ಗೆ ಎಂದಿನ ಹಾಗೆ ಬನ್ನಿ, ಅವನೂ ಸಂಜೆ ಎಂದಿನ ಹಾಗೆ ಬರಲಿ ಎಂದರು. ನಾವು ಅವನ ಮೇಲೆ ಅನುಮಾನ ಪಟ್ಟದ್ದು ಅವನಿಗೆ ಗೊತ್ತಾಗುವುದು ಬೇಡ ಎಂದೂ ಸೇರಿಸಿದರು. ಕಾರಕ್ಕ ತಲೆಯಾಡಿಸಲಿಲ್ಲ.

ಮಧ್ಯಾಹ್ನ ಕಾರು ಒಪ್ಪಿಸುವಾಗ ಅವಳು ಅಳಿಯನಿಗೆ ಹೇಳಿಯೇ ಬಿಟ್ಟಳು. ಟೇಪು, ಡಿಕ್ಕಿ, ಆಟೋ, ಯಾವುದನ್ನೂ ಬಿಡಲಿಲ್ಲ. ಅವನು ಚಪ್ಪಲಿ ಕಳಚಿ ಸೀಟಿನಡಿ ಇಡುತ್ತ ಕೇಳಿಸಿಕೊಂಡ.

"ಟೇಪಿನ ವಿಷಯ ಬಂಕಿನವಳು ಅವತ್ತೇ ಹೇಳಿದ್ಲು ಅಕ್ಕಾ," ಎಂದ.

"ಗೊತ್ತಿದ್ದೂ ಸುಮ್ನಿದ್ದೆಯಾ?"

"ನಾನೇನು ಕಡಿಮೆ? ಬೆಳಿಗ್ಗೆ ಪೆಟ್ರೋಲ್ ಎಲ್ಲಿ ಇಳಿಸ್ತೀರಿ ಅಂತ ನೋಡೋಕೆ ಒಂದು ದಿನ ಸೈಕಲ್ಲಲ್ಲಿ ನಿಮ್ಮ ಹಿಂದೆ ಬಂದಿದ್ದೆ."

ಕಾರಕ್ಕ ಬೆಪ್ಪಾದಳು. "ಏನು ಕಂಡ್ತು?"

"ಕೆಂಪು ದೀಪ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?" ಎಂದ ಅಳಿಯ. ಅವನ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದವನ ಹಾಗೆ ಅವಳ ಮುಖ ನೋಡಿದ.

ಅವಳು ಕಾರಿನ ಹಿಂದೆ ಹೋಗಿ ಡಿಕ್ಕಿ ತೆರೆದಳು. ನೀರಿನ ಕ್ಯಾನು, ಹಗ್ಗ, ಹಾರೆ, ಒಂದು ಸ್ಟೆಪ್ನಿ ಎಲ್ಲವನ್ನೂ ಇಳಿಸಿ ಶಾಲೆಯ ಮೆಟ್ಟಿಲ ಪಕ್ಕ ಇಟ್ಟಳು. ಒಂದು ಕಲ್ಲನ್ನೂ ತಂದಿಟ್ಟಳು. ಇನ್ನೊಂದನ್ನು ಎತ್ತಿ, ಎರಡು ಕೈಯಲ್ಲಿ ಹಿಡಿದು ತುಸು ಹೊತ್ತು ನಿಂತಳು. ಆಮೇಲೆ ಅದನ್ನು ಇದ್ದಲ್ಲೇ ಇಟ್ಟು ಡಿಕ್ಕಿ ಮುಚ್ಚಿದಳು.